ಆವಕ ಜಾವಕದ ಧರ್ಮ

ನಮ್ಮ ಕಛೇರಿಗಳಲ್ಲಿ ಆವಕ ಜಾವಕವೆಂಬ ಪುಸ್ತಕಗಳಿರುವುದು ವಾಚಕರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಬಂದ ಕಾಗದಗಳಿಗೆ ಒಂದು, ಹೋದ ಕಾಗದಗಳಿಗೆ ಒಂದು. ಕ್ರಮಾಂಕ, ತಾರೀಖು, ಯಾರಿಂದ ಬಂದಿತು, ಯಾರಿಗೆ ಹೋಯಿತು, ವಿಷಯವೇನು ಎಂಬಿಷ್ಟನ್ನು ಗುಮಾಸ್ತನು ಒಂದೊಂದು ಗೆರೆಯಲ್ಲಿ ಬರೆದು ಮುಗಿಸುವನು. ಕಾಗದದ ಒಡಲು ಆ ಪುಸ್ತಕದಲ್ಲಿಲ್ಲ. ಕಾಗದವು ಬಾಗಿಲನ್ನು ದಾಟಿತೆಂಬ ಸಾಕ್ಷ್ಯ ಮಾತ್ರ ಅಲ್ಲಿರುವುದು. ಅನೇಕ ತಲೆಮಾರುಗಳ ವ್ಯವಹಾರವು ಇಷ್ಟರ ಬಲದಿಂದಲೇ ನಡೆದುಬಂದಿತು.

ಈಗ ಕಾಲವು ಬೇರೆಯಾಗಿದೆ. ಕಾಗದಗಳ ಸ್ಥಾನವನ್ನು ಬಹುಮಟ್ಟಿಗೆ ಇಮೇಲ್ ಎಂಬ ಮಿಂಚಂಚೆಯು ಆಕ್ರಮಿಸಿಕೊಂಡಿದೆ. ಅದರೊಡನೆ ಹೊಸದೊಂದು ಪದ್ಧತಿಯೂ ಬಂದಿದೆ. ಸಂಸ್ಥೆಯ ಅಂಚೆಯನ್ನೆಲ್ಲ ನಡೆಸುವ ಸರ್ವರ್ ಯಂತ್ರದಲ್ಲಿ, ಒಳಗೆ ಬರುವ ಮತ್ತು ಹೊರಗೆ ಹೋಗುವ ಪ್ರತಿಯೊಂದು ಪತ್ರದ ಪೂರ್ಣ ನಕಲನ್ನೂ ತೆಗೆದು, ಒಂದನ್ನೂ ಬಿಡದೆ, ಒಂದು ಭಂಡಾರದಲ್ಲಿ ಸೇರಿಸಿಡುವುದೇ ಆ ಪದ್ಧತಿ. ಹೀಗೆ ಮಾಡುವುದು ನ್ಯಾಯವೇ? ನ್ಯಾಯವಾದರೆ ಯಾವ ಮಿತಿಯೊಳಗೆ? ಪತ್ರವನ್ನು ಬರೆದವನೂ ಅಲ್ಲದ, ಪಡೆದವನೂ ಅಲ್ಲದ ಮೂರನೆಯವನಿಗೆ ಅದನ್ನು ಕಾಯ್ದಿಡುವ ಅಧಿಕಾರವು ಎಲ್ಲಿಂದ ಬಂದಿತು? ಇವು ಯಂತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಗಳೆಂದು ಬಿಟ್ಟುಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಾನೇ ಒಮ್ಮೆ ಆ ನಕಲಿನ ಏರ್ಪಾಡನ್ನು ಕೈಯಾರೆ ಮಾಡಿದವನು. ಆದಕಾರಣ ಇಲ್ಲಿ ಹೇಳುವುದರಲ್ಲಿ ಒಂದು ಭಾಗವು ತಪ್ಪೊಪ್ಪಿಗೆಯೆಂದು ವಾಚಕರು ತಿಳಿಯಬೇಕು.

ಮೊದಲು ಆ ಕೆಲಸದ ರೀತಿಯನ್ನು ಸ್ವಲ್ಪ ವಿವರಿಸಬೇಕಾಗಿದೆ. ಜಾಲದ ಮೂಲಕ ಒಂದು ಯಂತ್ರದಿಂದ ಮತ್ತೊಂದು ಯಂತ್ರಕ್ಕೆ ಪತ್ರವನ್ನು ಕಳುಹಿಸುವ ಉಪಾಯವನ್ನು ಅಮೆರಿಕದ ರೇ ಟಾಮ್ಲಿನ್‌ಸನ್ನರು 1971ರಲ್ಲಿ ಸಾಧಿಸಿದರು. ಪತ್ರಗಳ ಸಾಗಣೆಗೆಂದು ಜೊನಾಥನ್ ಪೊಸ್ಟೆಲ್ಲರು 1982ರಲ್ಲಿ ಬರೆದಿಟ್ಟ ಕ್ರಮವು ಕೆಲವು ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ಈ ಕ್ರಮದಲ್ಲಿ ಪತ್ರಕ್ಕೆ ಲಕೋಟೆಯೊಂದುಂಟು, ಒಳಗಿನ ಬರಹವೊಂದುಂಟು. ಓದುವವನ ಕಣ್ಣಿಗೆ ಬೀಳುವ 'ಇಂಥವರಿಗೆ' ಎಂಬ ತಲೆಬರಹವು ಒಳಗಿನ ಬರಹಕ್ಕೆ ಸೇರಿದ್ದು. ಯಂತ್ರವು ನೋಡಿ ನಡೆಯುವುದು ಲಕೋಟೆಯನ್ನು. ಲಕೋಟೆಯ ಮೇಲೆ ಮತ್ತೊಂದು ವಿಳಾಸವನ್ನು ಸೇರಿಸಿದರೆ, ತಲೆಬರಹದಲ್ಲಿ ಅದರ ಗುರುತೇ ಇಲ್ಲದೆ, ಪತ್ರವು ಆ ವಿಳಾಸಕ್ಕೂ ಹೋಗಿ ಸೇರುವುದು. ವೀಟ್ಸೆ ವೆನೆಮಾ ಎಂಬ ವಿದ್ವಾಂಸರು 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನು ಲೋಕದ ಅನೇಕ ಸಂಸ್ಥೆಗಳು ತಮ್ಮ ಅಂಚೆಗೆ ಬಳಸುತ್ತಿವೆ. ಅದರ ಕಟ್ಟಳೆಗಳನ್ನು ಬರೆದಿಡುವ ಫೈಲಿನಲ್ಲಿ 'ಆಲ್‌ವೇಸ್ ಬಿಸಿಸಿ' ಎಂಬ ಒಂದು ಗೆರೆಯನ್ನು ಬರೆದು, ಮುಂದೆ ಒಂದು ವಿಳಾಸವನ್ನು ಕೊಟ್ಟರೆ ಸಾಕು. ಅಂದಿನಿಂದ ಆ ಬಾಗಿಲನ್ನು ದಾಟುವ ಪತ್ರಗಳೆಲ್ಲ ಆ ವಿಳಾಸಕ್ಕೂ ಗುಪ್ತವಾಗಿ ಹೋಗುವುವು. ಬರೆಯುವುದಕ್ಕೆ ಅರ್ಧ ನಿಮಿಷವೂ ಬೇಡ. ಈ ಸೌಲಭ್ಯದಲ್ಲಿಯೇ ನಮ್ಮ ಪ್ರಶ್ನೆಯು ಹುಟ್ಟುವುದು. ಕಷ್ಟಪಟ್ಟು ಮಾಡಬೇಕಾದ ಕೆಲಸವನ್ನು ಮನುಷ್ಯನು ಯೋಚಿಸಿ ಮಾಡುವನು. ಸುಲಭವಾದುದನ್ನು ಮಾಡಿ ಆಮೇಲೆ ಯೋಚಿಸುವನು.

ನಕಲಿನ ಅಗತ್ಯವು ಹಿಂದಿನವರಿಗೆ ತೋರಿರಲಿಲ್ಲವೆಂದಲ್ಲ. ಉಗಿಯಂತ್ರದಿಂದ ಪ್ರಸಿದ್ಧನಾದ ಜೇಮ್ಸ್ ವಾಟನು ಪತ್ರಗಳ ನಕಲು ತೆಗೆಯುವ ಒತ್ತುಯಂತ್ರವೊಂದಕ್ಕೆ 1780ರಲ್ಲಿ ಪೇಟೆಂಟು ಪಡೆದನು. ಬರೆದ ಪತ್ರದ ಮೇಲೆ ತೇವಮಾಡಿದ ತೆಳುಕಾಗದವನ್ನಿಟ್ಟು ಒತ್ತಿದರೆ ಅದರಲ್ಲಿ ಅಕ್ಷರಗಳು ತಿರುವುಮುರುವಾಗಿ ಮೂಡುವುವು. ಕಾಗದವು ತೆಳುವಾದುದರಿಂದ ಹಿಂಬದಿಯಿಂದ ಅದನ್ನು ನೇರವಾಗಿ ಓದಬಹುದು. ಬಹುಕಾಲ ವರ್ತಕರೂ ಅಧಿಕಾರಿಗಳೂ ಇದನ್ನು ಉಪಯೋಗಿಸಿದರು. ಆದರೆ ಇಲ್ಲಿ ಒಂದಂಶವನ್ನು ಗಮನಿಸಬೇಕು. ನಕಲು ತೆಗೆದಿಟ್ಟುಕೊಂಡವನು ಆ ಪತ್ರವನ್ನು ಬರೆದವನೇ. ಬಂದ ಪತ್ರವನ್ನು ಕಟ್ಟಿ ಇಟ್ಟವನು ಅದನ್ನು ಪಡೆದವನೇ. ಇಬ್ಬರ ನಡುವಿನ ಮಾತನ್ನು ಆ ಇಬ್ಬರಲ್ಲೊಬ್ಬನು ನೆನಪಿಟ್ಟುಕೊಂಡನೇ ಹೊರತು ಮೂರನೆಯವನಲ್ಲ.

ನಮ್ಮ ನಾಡಿನಲ್ಲಿ ಬರಹವನ್ನು ಕಾಯ್ದಿಡುವ ವಿಷಯದಲ್ಲಿ ಒಂದು ತಾರತಮ್ಯವಿದ್ದಿತು. ಚಿರಕಾಲ ನಿಲ್ಲಬೇಕಾದ ದಾನದತ್ತಿಗಳನ್ನು ಕಲ್ಲಿನ ಮೇಲೆ, ತಾಮ್ರದ ಮೇಲೆ ಕೊರೆಸಿ, ಸೂರ್ಯಚಂದ್ರರಿರುವವರೆಗೆ ನಡೆಯಲೆಂದು ವಿಧಿಸಿದರು. ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಓಲೆಗರಿಯಲ್ಲಿ ಬರೆದರು. ಹುಳುಹಿಡಿಯುವ ಮುನ್ನ ಯಾರಿಗಾದರೂ ಬೇಕೆನಿಸಿದರೆ ಪ್ರತಿಯೆತ್ತುವರು, ಇಲ್ಲವಾದರೆ ಅದು ಮಣ್ಣಾಗುವುದು. ದಿನದಿನದ ಲೆಕ್ಕಕ್ಕೆ ಕಡತವಿದ್ದಿತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪುಮಾಡಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಅದರ ಮೇಲೆಯೇ ಬೇರೆ ಬರೆಯಬಹುದಾಗಿತ್ತು. ಇಂದು ನಾವು ಕಛೇರಿಯ ಫೈಲನ್ನು ಕಡತವೆಂದು ಕರೆಯುತ್ತೇವೆ. ಕಡತವೆಂದರೆ ಒರಸಬಹುದಾದದ್ದು ಎಂಬುದನ್ನು ಮಾತ್ರ ಮರೆತಿದ್ದೇವೆ. ಕಲ್ಲು, ಓಲೆ, ಕಡತ ಎಂಬ ಈ ಮೂರರಲ್ಲಿ ಯಾವುದನ್ನು ಆರಿಸುವುದೆಂಬುದರಲ್ಲೇ, ಬರಹವು ಎಷ್ಟು ಕಾಲ ಇರಬೇಕೆಂಬ ನಿರ್ಣಯವು ಅಡಗಿರುತ್ತಿತ್ತು. ಈಗಿನ ಭಂಡಾರಕ್ಕೆ ಈ ಭೇದವಿಲ್ಲ. ಲಕ್ಷಾಂತರ ರೂಪಾಯಿಗಳ ಕರಾರುಪತ್ರವೂ, ಈ ದಿನ ಊಟಕ್ಕೆ ಬರುವುದು ತಡವಾಗುವುದೆಂದು ಒಬ್ಬನು ಮನೆಗೆ ಬರೆದ ಒಂದು ಸಾಲೂ ಅಲ್ಲಿ ಸಮಾನವಾಗಿ ನಿಲ್ಲುವುವು. ಎಲ್ಲವನ್ನೂ ಇಟ್ಟವನು, ಇಡಬೇಕಾದದ್ದಾವುದು ಎಂಬ ವಿವೇಚನೆಯನ್ನು ಮಾಡಿದವನಲ್ಲ. ಆ ವಿವೇಚನೆಯನ್ನು ಮುಂದೆ ಪೆಟ್ಟಿಗೆಯನ್ನು ತೆರೆಯುವವನ ಮೇಲೆ ಹೊರಿಸಿದವನು. ಮುಂದೆ ತೆರೆಯುವವನು ಎಂಥವನೆಂಬುದನ್ನು ಈಗ ಬಲ್ಲವರಾರು?

ಆದರೂ ಪೂರ್ವಪಕ್ಷವು ದುರ್ಬಲವಾದುದಲ್ಲ. ಅದನ್ನು ನ್ಯಾಯವಾಗಿ ಕೇಳಬೇಕು. ಮನುಷ್ಯನ ನೆನಪು ತಪ್ಪುವುದು. ನೆನಪು ತಪ್ಪದಿದ್ದರೂ ನಾಲಗೆಯು ತಪ್ಪುವುದುಂಟು. 'ನಾನು ಹಾಗೆ ಬರೆದೇ ಇಲ್ಲ' ಎನ್ನುವವನ ಎದುರಿಗೆ ನಕಲೊಂದಿಲ್ಲದಿದ್ದರೆ ಬಡವನ ಗತಿಯೇನು? ದಾಖಲೆಗಳನ್ನು ಸುಟ್ಟವರು ಸಾಮಾನ್ಯವಾಗಿ ದುರ್ಬಲರಲ್ಲ, ಬಲಿಷ್ಠರು. ಅಮೆರಿಕದ ಎನ್‌ರಾನ್ ಎಂಬ ಮಹಾ ಕಂಪೆನಿಯು 2001ನೆಯ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಸಹಸ್ರಾರು ನೌಕರರು ಉದ್ಯೋಗವನ್ನೂ ವೃದ್ಧಾಪ್ಯಕ್ಕೆಂದು ಕೂಡಿಟ್ಟ ಹಣವನ್ನೂ ಕಳೆದುಕೊಂಡರು. ಅದರ ಲೆಕ್ಕಪರಿಶೋಧಕರಾಗಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆಯವರು ವಿಚಾರಣೆಯು ಸಮೀಪಿಸಿದಾಗ ಆ ವ್ಯವಹಾರಕ್ಕೆ ಸಂಬಂಧಿಸಿದ ಕಾಗದಗಳನ್ನೂ ಮಿಂಚಂಚೆಗಳನ್ನೂ ನಾಶಮಾಡಿದರು. ಅದಕ್ಕಾಗಿ 2002ರಲ್ಲಿ ಅವರು ಅಪರಾಧಿಗಳೆಂದು ತೀರ್ಪಾಯಿತು. ಜೂರಿಗೆ ಕೊಟ್ಟ ಸೂಚನೆಯಲ್ಲಿ ದೋಷವಿತ್ತೆಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ತೀರ್ಪು ಏನೇ ಆಗಲಿ, ಪತ್ರಗಳು ನಾಶವಾದರೆ ಸತ್ಯವೂ ನಾಶವಾಗಬಹುದೆಂಬುದು ಲೋಕಕ್ಕೆ ಮನವರಿಕೆಯಾಯಿತು. ಆ ದೇಶದ ಷೇರು ದಲ್ಲಾಳಿ ಸಂಸ್ಥೆಗಳು ತಮ್ಮ ವ್ಯವಹಾರದ ಪತ್ರಗಳನ್ನು ಮೂರು ವರ್ಷಕ್ಕೆ ಕಡಮೆಯಿಲ್ಲದಂತೆ, ಅದರಲ್ಲಿ ಮೊದಲ ಎರಡು ವರ್ಷ ಸುಲಭವಾಗಿ ತೆಗೆಯಬಹುದಾದ ಸ್ಥಳದಲ್ಲಿ, ಇಡತಕ್ಕದ್ದೆಂಬ ನಿಯಮವುಂಟು. ನಮ್ಮ ದೇಶದಲ್ಲಿ 2005ರ ಮಾಹಿತಿ ಹಕ್ಕಿನ ಶಾಸನದ ಪ್ರಕಾರ ಪ್ರಜೆಯೊಬ್ಬನು ಸರ್ಕಾರದ ಕಛೇರಿಯ ದಾಖಲೆಯನ್ನು ಕೇಳಬಹುದು. ದಾಖಲೆಯೇ ಇಲ್ಲದಿದ್ದರೆ ಆ ಹಕ್ಕಿನಿಂದ ಪ್ರಯೋಜನವೇನು? ಆದುದರಿಂದ ಪತ್ರಗಳನ್ನು ಇಡಲೇಕೂಡದೆಂಬ ವಾದಕ್ಕೆ ನಾನು ಸೇರಿದವನಲ್ಲ.

ಇನ್ನು ನನ್ನ ಸ್ವಂತ ಅನುಭವವನ್ನು ಹೇಳುವೆನು. ಕೆಲವು ವರ್ಷಗಳ ಹಿಂದೆ ನಾನು ಒಂದು ಸಂಸ್ಥೆಯಲ್ಲಿ ಅಂಚೆಯ ಸರ್ವರ್ ಯಂತ್ರವನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆನು. ಅದರ ಹೆಸರು ಇಲ್ಲಿ ಅನಾವಶ್ಯಕ. ಒಮ್ಮೆ ಸಾಮಾನು ಒದಗಿಸುವ ವರ್ತಕರೊಬ್ಬರು ತಾವು ಕಳುಹಿಸಿದ ದರಪಟ್ಟಿಯನ್ನು ಗಣನೆಗೆ ತಂದುಕೊಳ್ಳಲಿಲ್ಲವೆಂದು ದೂರಿದರು. ನಮ್ಮ ಕಡೆಯವರು ಅದು ಬರಲೇ ಇಲ್ಲವೆಂದರು. ಮುಖ್ಯಸ್ಥರು ನನ್ನನ್ನು ಕರೆಯಿಸಿ, "ಇನ್ನು ಮೇಲೆ ಬಂದದ್ದು ಹೋದದ್ದು ಎಲ್ಲದರ ಒಂದು ಪ್ರತಿ ನಮ್ಮ ಹತ್ತಿರ ಇರಲಿ. ಎಲ್ಲರಿಗೂ ಹೇಳಿ ಸುಮ್ಮನೆ ಗಾಬರಿಪಡಿಸಬೇಡಿ" ಎಂದರು. ಮೇಲೆ ಹೇಳಿದ ಒಂದು ಗೆರೆಯನ್ನು ನಾನು ಬರೆದೆನು. ಅಂದು ನನಗೆ ಯಾವ ಸಂದೇಹವೂ ಬರಲಿಲ್ಲ.

ಮೊದಲನೆಯ ವರ್ಷದಲ್ಲಿ ಅದರಿಂದ ಒಳ್ಳೆಯದೇ ಆಯಿತು. ನಿವೃತ್ತರಾದ ಒಬ್ಬರು ತಮಗೆ ಬರಬೇಕಾದ ಬಾಕಿಗಾಗಿ ಮೂರು ಸಲ ಬರೆದಿದ್ದರು. ಅವರು ಬರೆದೇ ಇಲ್ಲವೆಂದು ಹೇಳಿ ಅವರನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದ್ದರು. ನಾನು ಭಂಡಾರದಿಂದ ಮೂರು ಪತ್ರಗಳನ್ನೂ ತೆಗೆದುಕೊಟ್ಟೆನು, ಹಣವು ಸಂದಾಯವಾಯಿತು. ಆ ವೃದ್ಧರು ನನ್ನ ಕೈಹಿಡಿದು ಹರಸಿದಾಗ, ನಾನು ಮಾಡಿದ ಏರ್ಪಾಡು ಧರ್ಮಕಾರ್ಯವೆಂದೇ ನನಗೆ ತೋರಿತು.

ಎರಡನೆಯ ವರ್ಷದಲ್ಲಿ ಒಂದು ಕರಾರನ್ನು ಹುಡುಕಬೇಕಾಗಿ ಬಂದು, 'ಸಾಲ' ಎಂಬ ಶಬ್ದವನ್ನು ಕೊಟ್ಟು ಭಂಡಾರವನ್ನು ಶೋಧಿಸಿದೆನು. ಕರಾರಿನೊಡನೆ ಬೇರೊಂದು ಪತ್ರವೂ ಎದ್ದು ಬಂದಿತು. ಅದು ನನ್ನ ಪಕ್ಕದ ಮೇಜಿನಲ್ಲಿ ಕುಳಿತು ಕೆಲಸಮಾಡುತ್ತಿದ್ದ ಸಹೋದ್ಯೋಗಿಗಳು ತಮ್ಮ ಅಣ್ಣನಿಗೆ ಬರೆದದ್ದು. ಮಗಳ ಚಿಕಿತ್ಸೆಗಾಗಿ ಸಾಲಮಾಡಿದ ಸಂಗತಿ, ಕಾಯಿಲೆಯ ಹೆಸರು, ತಂದೆಯವರಿಗೆ ತಿಳಿಸಬೇಡವೆಂಬ ಪ್ರಾರ್ಥನೆ. ಇದು ನನಗೆ ಸಂಬಂಧಪಟ್ಟದ್ದಲ್ಲವೆಂಬುದು ಎರಡನೆಯ ಸಾಲಿನಲ್ಲಿಯೇ ತಿಳಿಯಿತು. ಆದರೂ ಕೊನೆಯವರೆಗೆ ಓದಿದೆನು. ಏಕೆ ಓದಿದೆನೆಂಬುದಕ್ಕೆ ಸರಿಯಾದ ಉತ್ತರವು ಇಂದಿಗೂ ನನ್ನಲ್ಲಿಲ್ಲ. ಮರುದಿನ ಅವರು ಎಂದಿನಂತೆ ಕಾಫಿಗೆ ಕರೆದರು. ಮಗುವಿನ ಯೋಗಕ್ಷೇಮವನ್ನು ದಿನವೂ ವಿಚಾರಿಸುವುದು ನನ್ನ ರೂಢಿಯಾಗಿದ್ದಿತು. ಅಂದು ವಿಚಾರಿಸಲು ನನ್ನಿಂದಾಗಲಿಲ್ಲ.

ಕೆಲವು ತಿಂಗಳ ಮೇಲೆ ಭಂಡಾರದ ಪೆಟ್ಟಿಗೆಯು ತುಂಬಿಹೋಯಿತು. ನಾನು ಅದನ್ನು ಗಮನಿಸಿರಲಿಲ್ಲ. ಈ ತಂತ್ರಾಂಶದ ಸ್ವಭಾವವೇನೆಂದರೆ, ಗುಪ್ತಪ್ರತಿಯು ಸ್ಥಳವಿಲ್ಲದೆ ತಿರಸ್ಕೃತವಾದರೆ ಆ ಸಮಾಚಾರವು ಪತ್ರವನ್ನು ಬರೆದವನಿಗೇ ಹಿಂದಿರುಗುವುದು. ಅದರಂತೆ, ತಮ್ಮ ಪತ್ರದ ಪ್ರತಿಯನ್ನು ಇಂಥ ಪೆಟ್ಟಿಗೆಗೆ ಸೇರಿಸಲಾಗಲಿಲ್ಲವೆಂಬ ಒಕ್ಕಣೆಯು ಸಂಸ್ಥೆಯ ನೌಕರರೆಲ್ಲರಿಗೂ, ನಮಗೆ ಪತ್ರ ಬರೆದ ಹೊರಗಿನವರಿಗೂ ಒಂದೇ ಬೆಳಗ್ಗೆ ಹೋಯಿತು. "ನಾನು ಬರೆದದ್ದು ಒಬ್ಬರಿಗೆ. ಈ ಇನ್ನೊಂದು ವಿಳಾಸ ಯಾರದು?" ಎಂದು ಹೊರಗಿನವರೊಬ್ಬರು ಕೇಳಿದರು. ಆ ಪ್ರಶ್ನೆಗೆ ನಾವು ಉತ್ತರ ಬರೆಯಲಿಲ್ಲ.

ಸಾಯಂಕಾಲ ಸಹೋದ್ಯೋಗಿಗಳು ನನ್ನ ಮೇಜಿನ ಹತ್ತಿರ ಬಂದು ನಿಂತರು. "ನನ್ನ ಕಾಗದಗಳನ್ನು ನೀವು ಓದಿದ್ದೀರಾ?" ಎಂದು ಕೇಳಿದರು. "ಒಂದನ್ನು ಓದಿದ್ದೇನೆ" ಎಂದೆನು. ಯಾವುದೆಂದು ಅವರು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓದಿದ್ದು ಹೋಗಲಿ, ಸ್ವಾಮಿ. ಇಷ್ಟು ತಿಂಗಳು ಏನೂ ಗೊತ್ತಿಲ್ಲದವರ ಹಾಗೆ ನನ್ನ ಎದುರಿಗೆ ಕೂತು ಕಾಫಿ ಕುಡಿದಿರಲ್ಲ" ಎಂದು ಹೇಳಿ ಹೊರಟುಹೋದರು.

ಈ ಮಾತನ್ನು ನಾನು ಬಹುದಿವಸ ಮೆಲುಕುಹಾಕಿದೆನು. ನನ್ನ ತಪ್ಪು ಎಲ್ಲಿದ್ದಿತು? ನಕಲು ತೆಗೆದುದರಲ್ಲಿಯೇ? ಅದರಿಂದ ಒಬ್ಬ ವೃದ್ಧರಿಗೆ ನ್ಯಾಯ ದೊರೆತಿತ್ತಷ್ಟೆ. ಹೀಗೆ ಯೋಚಿಸುತ್ತಿರುವಾಗ ನನಗೆ ಹೊಳೆದ ಒಂದು ಸಂಗತಿಯು ನನ್ನ ಸಮಾಧಾನವನ್ನೂ ಕೆಡಿಸಿತು. ಅಂಚೆಯ ಸರ್ವರ್ ತಾನಾಗಿಯೇ ಒಂದು ದಿನಚರಿಯನ್ನು ಬರೆಯುತ್ತಿರುತ್ತದೆ. ಯಾವ ವಿಳಾಸದಿಂದ, ಯಾವ ವಿಳಾಸಕ್ಕೆ, ಯಾವ ದಿನ ಎಷ್ಟು ಗಂಟೆಗೆ, ಎಷ್ಟು ಗಾತ್ರದ ಪತ್ರವು ಬಂದಿತು ಅಥವಾ ಹೋಯಿತು, ಅದು ಸೇರಿತೋ ಹಿಂದಿರುಗಿತೋ ಎಂಬುದೆಲ್ಲ ಅದರಲ್ಲಿ ಗೆರೆಗೆರೆಯಾಗಿ ದಾಖಲಾಗುವುದು. ಪತ್ರದ ಒಡಲು ಮಾತ್ರ ಅದರಲ್ಲಿರುವುದಿಲ್ಲ. ನಮ್ಮ ಹಳೆಯ ಆವಕ ಜಾವಕವೇ ಅದು! ವರ್ತಕರ ದರಪಟ್ಟಿ ಬಂದಿತೋ ಇಲ್ಲವೋ ಎಂಬ ಜಗಳಕ್ಕೆ ಆ ದಿನಚರಿಯು ಸಾಕಾಗಿತ್ತು. ವೃದ್ಧರು ಮೂರು ಸಲ ಬರೆದರೆಂಬುದಕ್ಕೂ ಅದು ಸಾಕಾಗಿತ್ತು. ಕೆಲವು ವಾರಗಳಿಗೊಮ್ಮೆ ತಾನಾಗಿ ಅಳಿದುಹೋಗುವ ಆ ದಿನಚರಿಯನ್ನು ಒಂದೆರಡು ವರ್ಷ ಜೋಪಾನಮಾಡಿದ್ದರೆ, ಒಬ್ಬರ ಪತ್ರವನ್ನೂ ತೆರೆಯಬೇಕಾಗುತ್ತಿರಲಿಲ್ಲ. ನಮಗೆ ಬೇಕಾಗಿದ್ದುದು ಬಾಗಿಲ ಸಾಕ್ಷ್ಯ. ನಾವು ಹೊತ್ತುಕೊಂಡುದು ಮನೆಯೊಳಗಿನ ಮಾತು. ಅಗತ್ಯಕ್ಕೂ ಏರ್ಪಾಡಿಗೂ ನಡುವೆ ಇದ್ದ ಈ ಅಂತರವನ್ನು ನಾವು ಅಳೆಯಲೇ ಇಲ್ಲ.

'ತಪ್ಪು ಮಾಡದವನಿಗೆ ಭಯವೇಕೆ?' ಎಂದು ಕೆಲವರು ಕೇಳುವರು. ಆ ಸಹೋದ್ಯೋಗಿಗಳು ಮಾಡಿದ ತಪ್ಪೇನು? ಮಗಳ ಕಾಯಿಲೆಗಾಗಿ ಅಣ್ಣನೊಡನೆ ಕಷ್ಟ ತೋಡಿಕೊಂಡರು. ಗುಟ್ಟೆಂದರೆ ಪಾಪವೆಂದರ್ಥವಲ್ಲ, ಗುಟ್ಟಿನಲ್ಲಿ ಬಹುಭಾಗವು ದುಃಖ, ಮರ್ಯಾದೆ, ಸ್ನೇಹ ಇವುಗಳಿಗೆ ಸೇರಿದ್ದು. ಚಿತ್ರಗುಪ್ತನು ಎಲ್ಲರ ಲೆಕ್ಕವನ್ನೂ ಬರೆಯುವನೆಂದು ನಾವು ನಂಬಿದವರೇ, ಅದರಿಂದ ನಮಗೇನೂ ಅವಮಾನವಾಗದೆಂದೂ ಹೇಳಬಹುದು. ಆದರೆ ಚಿತ್ರಗುಪ್ತನ ಲೆಕ್ಕವನ್ನು ತೆರೆಯುವುದು ಒಂದೇ ಸಲ, ಧರ್ಮರಾಜನ ಮುಂದೆ. ಆ ಧರ್ಮರಾಜನಿಗೆ ನಮ್ಮ ಬಡತಿಯಲ್ಲಿಯೂ ರಜೆಯಲ್ಲಿಯೂ ಸ್ವಾರ್ಥವಿಲ್ಲ. ಕಛೇರಿಯ ಭಂಡಾರವನ್ನು ಬೇಕಾದಾಗ ತೆರೆಯಬಲ್ಲವನಿಗೆ ಆ ಸ್ವಾರ್ಥವುಂಟು. ಇಲ್ಲದಿದ್ದರೂ ನನ್ನಂಥವನಲ್ಲಿರುವ ಕುತೂಹಲವಾದರೂ ಉಂಟು.

ಪತ್ರವು ಯಾರದು ಎಂಬ ಪ್ರಶ್ನೆಯು ಹೊಸದಲ್ಲ. ಇಂಗ್ಲೆಂಡಿನ ಕವಿ ಅಲೆಗ್ಸಾಂಡರ್ ಪೋಪನು ಬರೆದ ಪತ್ರಗ��ನ್ನು ಕರ್ಲ್ ಎಂಬ ಪುಸ್ತಕವ್ಯಾಪಾರಿಯು ಅಚ್ಚುಹಾಕಿದಾಗ ವ್ಯಾಜ್ಯವು ನ್ಯಾಯಸ್ಥಾನಕ್ಕೆ ಹೋಯಿತು. 1741ರಲ್ಲಿ ಹಾರ್ಡ್‌ವಿಕ್ ಪ್ರಭುವು, ಪತ್ರವನ್ನು ಪಡೆದವನಿಗೆ ಕಾಗದದ ಮೇಲೆ ಮಾತ್ರ ಒಡೆತನವುಂಟು, ಅದರಲ್ಲಿನ ಮಾತನ್ನು ಪ್ರಕಟಿಸುವ ಹಕ್ಕು ಅವನಿಗೆ ಬಾರದು ಎಂದು ತೀರ್ಮಾನಿಸಿದನು. ಪಡೆದವನಿಗೇ ಇಷ್ಟು ಮಿತಿಯಿರುವಾಗ, ನಡುವೆ ಸಾಗಿಸಿದವನ ಹಕ್ಕೆಷ್ಟು? ಯಂತ್ರವು ಸಂಸ್ಥೆಯದು, ಆದುದರಿಂದ ಅದರಲ್ಲಿನ ಪತ್ರಗಳೂ ಸಂಸ್ಥೆಯವು ಎಂಬ ವಾದವು ಅರ್ಧಸತ್ಯ. ಸಂಸ್ಥೆಯ ಕಾರ್ಯಕ್ಕಾಗಿ ಬರೆದ ಪತ್ರವು ಸಂಸ್ಥೆಯದೇ ಸರಿ. ಆದರೆ ಮನುಷ್ಯರು ಹುದ್ದೆಯ ಬಟ್ಟೆಯನ್ನು ತೊಟ್ಟಾಗಲೂ ಮನುಷ್ಯರೇ ಆಗಿರುವರು. ಅದೇ ವಿಳಾಸದಿಂದ ಮನೆಯವರಿಗೂ ಎರಡು ಮಾತು ಬರೆದುಬಿಡುವರು. ಮತ್ತು ಹೊರಗಿನಿಂದ ಬರೆದವನು ಸಂಸ್ಥೆಯ ಸಂಬಳವನ್ನು ತಿನ್ನುವವನೂ ಅಲ್ಲ, ಅದರ ಕಟ್ಟಳೆಗೆ ಒಪ್ಪಿ ರುಜುಮಾಡಿದವನೂ ಅಲ್ಲ.

ರಾಜ್ಯವ್ಯವಹಾರದಲ್ಲಿ ನಿಷ್ಠುರನೆಂದು ಹೆಸರಾದ ಕೌಟಿಲ್ಯನೂ ಈ ವಿಷಯದಲ್ಲಿ ಒಂದು ಭೇದವನ್ನು ಕಾಣಿಸಿದ್ದಾನೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ, ರಾಜ್ಯದ ಲೆಕ್ಕಪತ್ರಗಳಿಗೆಂದು ಅಕ್ಷಪಟಲವೆಂಬ ಶಾಲೆಯುಂಟು. ಅದರ ಬಾಗಿಲು ಯಾವ ದಿಕ್ಕಿಗಿರಬೇಕು, ಪುಸ್ತಕಗಳನ್ನು ಹೇಗೆ ಇಡಬೇಕು ಎಂಬ ವಿಧಿಯುಂಟು. ಗೂಢಪುರುಷರ ವಿಷಯವೂ ಅದೇ ಗ್ರಂಥದಲ್ಲಿ ವಿಸ್ತಾರವಾಗಿಯೇ ಇದೆ. ಆದರೆ ಅದು ಬೇರೆ ಅಧಿಕರಣದಲ್ಲಿ, ಬೇರೆ ಜನರ ಕೈಯಲ್ಲಿ. ಬೇಹುಗಾರಿಕೆಯನ್ನು ಅವನು ದಫ್ತರವೆಂದು ಕರೆಯಲಿಲ್ಲ. ನಾನು ಬರೆದ ಒಂದು ಗೆರೆಯು ಅಕ್ಷಪಟಲವನ್ನೂ ಗೂಢಪುರುಷನನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿಬಿಟ್ಟಿತ್ತು.

ಇಟ್ಟ ಪತ್ರವು ಸತ್ಯವನ್ನೇ ಹೇಳುವುದೆಂಬ ನಂಬಿಕೆಯನ್ನೂ ಸ್ವಲ್ಪ ಪರೀಕ್ಷಿಸಬೇಕು. ವಿಶಾಖದತ್ತನ ಮುದ್ರಾರಾಕ್ಷಸವನ್ನೂ, ಅದೇ ಕಥೆಯನ್ನು ಕನ್ನಡ ಗದ್ಯದಲ್ಲಿ ಹೇಳುವ ಕೆಂಪುನಾರಾಯಣನ 1823ರ ಮುದ್ರಾಮಂಜೂಷವನ್ನೂ ಬಲ್ಲವರಿಗೆ ನಾನು ಹೆಚ್ಚಾಗಿ ಹೇಳಬೇಕಾಗಿಲ್ಲ. ನಾಟಕದಲ್ಲಿ ಚಾಣಕ್ಯನು ಯಾರಿಂದ ಯಾರಿಗೆಂಬುದಿಲ್ಲದ ಒಂದು ಪತ್ರವನ್ನು ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಅವನಿಗೆ ಉದ್ದೇಶವು ತಿಳಿಯದಂತೆ, ಬರೆಯಿಸುವನು. ರಾಕ್ಷಸನ ಉಂಗುರದಿಂದಲೇ ಮುದ್ರೆಯನ್ನೊತ್ತಿಸುವನು. ಅಕ್ಷರವು ನಿಜ, ಮುದ್ರೆಯು ನಿಜ, ಅರ್ಥವು ಮಾತ್ರ ಸುಳ್ಳು. ಮಲಯಕೇತುವು ಅಕ್ಷರವನ್ನು ಬೇರೊಂದು ಬರಹದೊಡನೆ ಹೋಲಿಸಿ ನೋಡಿ ನಂಬಿದನು; ನಿರಪರಾಧಿಗಳಾದ ಐವರು ಮಿತ್ರರಾಜರನ್ನು ಕೊಲ್ಲಿಸಿದನು. ಪತ್ರವೊಂದೇ ಕೈಗೆ ಸಿಕ್ಕಿದಾಗ, ಅದರ ಹಿಂದುಮುಂದಿನ ಮಾತು, ಬರೆದವರ ಪರಸ್ಪರ ಸಲಿಗೆ, ಹಾಸ್ಯ, ಬಾಯಿಮಾತಿನಲ್ಲಿ ಆದ ಒಪ್ಪಂದ ಇವುಗಳಾವುವೂ ಸಿಕ್ಕುವುದಿಲ್ಲ. ಹತ್ತು ವರ್ಷದ ಹಿಂದಿನ ಒಂದು ಸಾಲನ್ನು ಹೆಕ್ಕಿ ತೆಗೆದು ಇಂದಿನ ದ್ವೇಷಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಕಷ್ಟವಲ್ಲ. ಭಂಡಾರವು ದೊಡ್ಡದಾದಷ್ಟೂ ಬೇಕಾದ ಸಾಲು ದೊರೆಯುವುದು ಸುಲಭವಾಗುವುದು.

ಎನ್‌ರಾನಿನ ಕಥೆಗೂ ಇಂಥ ಒಂದು ಉತ್ತರಭಾಗವುಂಟು. ವಿಚಾರಣೆಗಾಗಿ ವಶಪಡಿಸಿಕೊಂಡ ಮಿಂಚಂಚೆಗಳನ್ನು ಅಮೆರಿಕದ ಇಂಧನ ನಿಯಂತ್ರಣದ ಆಯೋಗವು 2003ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟಿತು. ಸುಮಾರು 150 ಜನರಿಗೆ ಸೇರಿದ ಸುಮಾರು ಐದು ಲಕ್ಷ ಪತ್ರಗಳು. ಅವುಗಳಲ್ಲಿ ಮೋಸದ ಸುಳಿವುಗಳಿದ್ದುವು ನಿಜ. ಅವುಗಳೊಡನೆ ಗಂಡಹೆಂಡಿರ ಮಾತು, ಮಕ್ಕಳ ವಿಷಯ, ಸ್ನೇಹಿತರ ಹರಟೆ ಇವೂ ಇದ್ದುವು. ಬೇಡಿಕೊಂಡ ಕೆಲವರ ಪತ್ರಗಳನ್ನು ಆಮೇಲೆ ತೆಗೆದುಹಾಕಿದರು. ಉಳಿದುವನ್ನು ಭಾಷೆಯನ್ನೂ ಯಂತ್ರಗಳನ್ನೂ ಅಭ್ಯಾಸಮಾಡುವ ವಿದ್ವಾಂಸರು ಎರಡು ದಶಕಗಳಿಂದ ಓದುತ್ತಲೇ ಇದ್ದಾರೆ. ಅಪರಾಧವು ಕೆಲವರದು, ಬಯಲಾದವರು ಎಲ್ಲರೂ.

ಹಾಗಾದರೆ ಸಿದ್ಧಾಂತವೇನು? ನನಗೆ ತೋರಿದುದನ್ನು ಹೇಳುವೆನು. ಪತ್ರಗಳನ್ನು ಕಾಯ್ದಿಡುವುದು ಒಡೆತನವಲ್ಲ, ನಿಕ್ಷೇಪ. ಇಟ್ಟುಕೊಂಡವನು ಇಟ್ಟವರಿಗೆ ಋಣಿ. ಈ ಋಣದಿಂದ ನಾಲ್ಕು ನಿಯಮಗಳು ಹುಟ್ಟುವುವು.

ಮೊದಲನೆಯದು, ತಿಳಿಸುವುದು. ನಕಲು ತೆಗೆಯುತ್ತೇವೆಂದು ಒಳಗಿನವರಿಗೆ ಮುಂಚಿತವಾಗಿ ಹೇಳಬೇಕು. ಹೊರಗಿನವರಿಗೂ ತಿಳಿಯುವಂತೆ ಪತ್ರದ ಕೆಳಗೆ ಒಂದು ಸಾಲು ಇರಬೇಕು. ರುಮೇನಿಯ ದೇಶದಲ್ಲಿ ಒಬ್ಬ ನೌಕರನನ್ನು, ಅವನು ಕೆಲಸದ ವೇಳೆಯಲ್ಲಿ ಕಳುಹಿಸಿದ ಖಾಸಗಿ ಸಂದೇಶಗಳನ್ನು ಓದಿ, 2007ರಲ್ಲಿ ಕೆಲಸದಿಂದ ತೆಗೆದರು. ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯವು ಮೊದಲು 2016ರಲ್ಲಿ ಅವನ ವಿರುದ್ಧವಾಗಿ ಹೇಳಿತು. ಅದರ ಮಹಾಪೀಠವು 2017ರಲ್ಲಿ ಹನ್ನೊಂದು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆಯಾಗಿ ಅವನ ಪರವಾಗಿ ತೀರ್ಪು ಕೊಟ್ಟಿತು. ತನ್ನ ಮಾತುಗಳ ಒಡಲನ್ನೇ ನೋಡಬಹುದೆಂದು ಅವನಿಗೆ ಮೊದಲೇ ತಿಳಿಸಲಾಗಿತ್ತೇ ಎಂಬುದು ಆ ವಿಮರ್ಶೆಯಲ್ಲಿ ಮುಖ್ಯಾಂಶವಾಯಿತು. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸಾರಿತು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ.

ಎರಡನೆಯದು, ಆರಿಸುವುದು. ಎಲ್ಲಕ್ಕೂ ಬಾಗಿಲ ದಿನಚರಿ. ಹುದ್ದೆಯ ವಿಳಾಸಗಳಿಗೆ, ಹಣ ಕರಾರು ತೀರ್ಮಾನಗಳಿಗೆ ಸಂಬಂಧಿಸಿದ ವಿಳಾಸಗಳಿಗೆ ಮಾತ್ರ ಪೂರ್ಣ ನಕಲು. ಇದಕ್ಕೆ ಯಂತ್ರವು ಅಡ್ಡಬರುವುದಿಲ್ಲ. ಯಾವ ವಿಳಾಸದಿಂದ ಹೋದ, ಯಾವ ವಿಳಾಸಕ್ಕೆ ಬಂದ ಪತ್ರಗಳ ನಕಲು ಬೇಕೆಂದು ಪಟ್ಟಿಮಾಡಿ ಹೇಳುವ ಅವಕಾಶವು ಅದೇ ತಂತ್ರಾಂಶದಲ್ಲಿದೆ. ಪಟ್ಟಿಮಾಡುವ ಶ್ರಮವನ್ನು ನಾವು ವಹಿಸಬೇಕಷ್ಟೆ.

ಮೂರನೆಯದು, ಅವಧಿ. ಇಡುವ ದಿನವೇ ಅಳಿಸುವ ದಿನವನ್ನೂ ಗೊತ್ತುಮಾಡಬೇಕು. ಭಯ ಬಂದಾಗ ಅಳಿಸುವುದು ಅಪರಾಧ. ಪಂಚಾಂಗದ ಪ್ರಕಾರ ಅಳಿಸುವುದು ಕರ್ತವ್ಯ. ವಿಚಾರಣೆಯು ಬಂದಿರುವ ವಿಷಯದ ಪತ್ರಗಳನ್ನು ಮಾತ್ರ ಅವಧಿ ಮೀರಿದರೂ ಮುಟ್ಟಕೂಡದು. ಬೇಕಾದ ಉದ್ದೇಶವು ತೀರಿದ ಮೇಲೆ, ಬೇರೆ ಶಾಸನವು ಇಡಲು ಹೇಳದಿದ್ದರೆ, ವ್ಯಕ್ತಿಯ ಮಾಹಿತಿಯನ್ನು ಅಳಿಸಬೇಕೆಂಬ ತತ್ತ್ವವು 2023ರಲ್ಲಿ ನಮ್ಮ ಪಾರ್ಲಿಮೆಂಟು ಅಂಗೀಕರಿಸಿದ ಶಾಸನದಲ್ಲಿಯೂ ಸೇರಿದೆ.

ನಾಲ್ಕನೆಯದು, ಬೀಗದ ಕೈ. ಅದು ಒಬ್ಬನ ಬಳಿ ಇರಕೂಡದು. ಇಬ್ಬರು ಕೂಡಿ, ಕಾರಣವನ್ನು ಬರೆದು, ತೆರೆಯಬೇಕು. ತೆರೆದುದರ ದಾಖಲೆಯನ್ನೂ ಇಡಬೇಕು. ಎಲ್ಲರ ಪತ್ರಗಳ ಲೆಕ್ಕವನ್ನಿಡುವವನ ಲೆಕ್ಕವನ್ನು ಯಾರೂ ಇಡದಿದ್ದರೆ ಅಲ್ಲಿ ನ್ಯಾಯವೆಲ್ಲಿಂದ ಬಂದೀತು?

ಈ ನಾಲ್ಕನ್ನೂ ನಾನು ಬರೆದು ಮುಖ್ಯಸ್ಥರ ಮುಂದಿಟ್ಟೆನು. ಅವರು ಕೆಟ್ಟವರಲ್ಲ, ಆ ಬೆಳಗಿನ ಅವಮಾನವು ಅವರಿಗೂ ನಾಟಿದ್ದಿತು. ಕೆಲವು ಮಾರ್ಪಾಡುಗಳೊಡನೆ ಒಪ್ಪಿಕೊಂಡರು. ಸೂಚನೆಯನ್ನು ಹಲಗೆಯ ಮೇಲೆ ಹಚ್ಚಿದೆವು. ಆಗ ಯಾವ ವಿಚಾರಣೆಯೂ ಬಾಕಿಯಿಲ್ಲವೆಂದು ಖಚಿತಪಡಿಸಿಕೊಂಡು, ಕರಾರುಗಳನ್ನೂ ಲೆಕ್ಕಪತ್ರಗಳನ್ನೂ ಬೇರ್ಪಡಿಸಿ, ಉಳಿದ ಹಳೆಯ ಭಂಡಾರವನ್ನು ಮೂವರ ಸಮಕ್ಷಮದಲ್ಲಿ ಅಳಿಸಿದೆನು. ಆ ಮೂವರಲ್ಲಿ ಒಬ್ಬರಾಗಿರಬೇಕೆಂದು ಸಹೋದ್ಯೋಗಿಗಳನ್ನು ಕೇಳಿಕೊಂಡಿದ್ದೆನು. ಅವರು ಬಂದು ನಿಂತಿದ್ದು, ಮುಗಿದ ಮೇಲೆ ರುಜುಮಾಡಿ ಹೋದರು.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಆಸ್ಪತ್ರೆಗಳಲ್ಲಿ ಈಗ ಇಂಥ ಯಂತ್ರಗಳ ಬೀಗದ ಕೈಯನ್ನು ಹಿಡಿದಿರುವ ತರುಣರು ಅನೇಕರಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಅವರ ಕಾಲಕ್ಕೆ ಸಲ್ಲದಂತಾಗಿದೆ. ಆಡಿದ ಮಾತೆಲ್ಲ ಅವರ ಪೆಟ್ಟಿಗೆಯಲ್ಲಿ ಉಳಿಯುವುದು. ಹಿರಿಯರು ಬಂದು, ಎಲ್ಲದರ ಒಂದು ಪ್ರತಿ ಇರಲಿ ಎಂದಾಗ, ಏತಕ್ಕೆ, ಎಷ್ಟು ದಿನಕ್ಕೆ, ಯಾರಿಗೆ ತಿಳಿಸಿ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬೇಕೆಂದು ಅವರಲ್ಲಿ ನನ್ನ ಪ್ರಾರ್ಥನೆ. ನಾನು ಅಂದು ಕೇಳಿದ್ದರೆ ಪ್ರಾಯಶಃ ಮುಖ್ಯಸ್ಥರು ಒಂದು ಗಳಿಗೆ ಯೋಚಿಸುತ್ತಿದ್ದರು.

ಆ ಸಹೋದ್ಯೋಗಿಗಳು ಈಗಲೂ ಕಂಡಾಗ ಮಾತನಾಡಿಸುವರು, ಮನಸ್ಸಿನಲ್ಲಿ ಕಹಿಯನ್ನಿಟ್ಟುಕೊಂಡವರಲ್ಲ. ಆದರೆ ಅವರ ಮಗಳು ಹೇಗಿದ್ದಾಳೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಪತ್ರವನ್ನು ಯಂತ್ರದಿಂದ ಅಳಿಸಿದೆನು. ನಾನು ಓದಿದುದು ನನ್ನಲ್ಲಿ ಉಳಿದಿದೆ.